ಬಿಮ್ ಕಲಿಕೆ: ಟೇಪು ಮೊದಲು, ಕಂಪ್ಯೂಟರ್ ಆಮೇಲೆ

ರಾಯಚೂರು ಜಿಲ್ಲೆಯಲ್ಲಿ ಸಿವಿಲ್ ಡಿಪ್ಲೊಮಾ, ಬಿ.ಇ. ಮುಗಿಸಿದ ಮಕ್ಕಳು ಈಚೆಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ರೆವಿಟ್ ಎಲ್ಲಿ ಕಲೀಬೇಕ್ರಿ?" ದೇವದುರ್ಗ, ಮಾನ್ವಿಯಿಂದ ಬಸ್ಸು ಹತ್ತಿ ರಾಯಚೂರಿಗೆ ಬಂದು ಓದಿದವರೂ ಕೇಳುತ್ತಾರೆ, ಶಕ್ತಿನಗರದ ಚಿಮಣಿಗಳ ನೆರಳಿನಲ್ಲೇ ಬೆಳೆದ ದೇವಸುಗೂರಿನವರೂ ಕೇಳುತ್ತಾರೆ. ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ, ರೂಮು ಬಾಡಿಗೆ ಹಿಡಿದು, ಕೋರ್ಸಿಗೆ ಸಾಲ ಮಾಡಿ ಹಣ ಕಟ್ಟಬೇಕೇನೋ ಎಂಬ ಅಳುಕು ಆ ಪ್ರಶ್ನೆಯೊಳಗೇ ಇರುತ್ತದೆ. ನನ್ನ ಉತ್ತರ ಇಷ್ಟು: ಮೊದಲ ಒಂದೆರಡು ತಿಂಗಳು ಎಲ್ಲಿಗೂ ಹೋಗಬೇಡಿ. ನಿಮ್ಮ ಊರಿನಲ್ಲಿ ಒಂದೇ ಕೋಣೆಯ ಕಟ್ಟಡ ಹುಡುಕಿ. ಅಂಗನವಾಡಿ ಆಗಬಹುದು, ಪಂಪ್‌ಹೌಸ್ ಆಗಬಹುದು, ಹೊಲದ ಮನೆ ಆಗಬಹುದು. ಟೇಪು ಹಿಡಿದು ಅದನ್ನು ಅಳೆಯಿರಿ. ಆಮೇಲೆ ಕಂಪ್ಯೂಟರ್ ಮುಂದೆ ಕೂತುಕೊಳ್ಳಿ.

ರೆವಿಟ್ ಎಂಬುದು ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್‌ಗೆ ಬಳಸುವ ಒಂದು ತಂತ್ರಾಂಶ. ಆ ಉದ್ದ ಹೆಸರನ್ನು ಈ ಕೆಲಸದಲ್ಲಿರುವವರು ಬಿಮ್ ಎಂದು ಚಿಕ್ಕದಾಗಿ ಕರೆಯುತ್ತಾರೆ. ಕಾಲಂ ಮೇಲೆ ಕೂರುವ ಬೀಮ್ ಬೇರೆ, ಇದು ಬೇರೆ. ಆಟೋಕ್ಯಾಡ್ ಬಲ್ಲವರಿಗೆ ವ್ಯತ್ಯಾಸ ಹೇಳುವುದು ಸುಲಭ. ಆಟೋಕ್ಯಾಡ್ ನಕ್ಷೆಯಲ್ಲಿ ಗೋಡೆ ಎಂದರೆ ಎರಡು ಸಮಾನಾಂತರ ಗೆರೆ. ಅದು ಗೋಡೆ ಎಂದು ನೋಡುವವರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಎಲಿವೇಶನ್ನಿನಲ್ಲಿ ಅದು ಹಳೆಯ ಜಾಗದಲ್ಲೇ ಉಳಿಯುತ್ತದೆ, ಎಸ್ಟಿಮೇಟಿನಲ್ಲಿ ಮೂರನೆಯದೊಂದು ಲೆಕ್ಕ ಇರುತ್ತದೆ. ಬಿಮ್ ತಂತ್ರಾಂಶದಲ್ಲಿ ನೀವು ಎಳೆಯುವುದು ಗೆರೆಯನ್ನಲ್ಲ, ಗೋಡೆಯನ್ನೇ. ಅದಕ್ಕೆ ದಪ್ಪ, ಎತ್ತರ, ಯಾವ ಇಟ್ಟಿಗೆ, ಒಳಗೆ ಹೊರಗೆ ಎಷ್ಟು ಗಿಲಾವು ಎಂಬ ವಿವರಗಳು ಅಂಟಿಕೊಂಡಿರುತ್ತವೆ. ಪ್ಲಾನು, ಸೆಕ್ಷನ್ನು, ಎಲಿವೇಶನ್ನು, ಸಾಮಾನಿನ ಪಟ್ಟಿ ಎಲ್ಲವೂ ಆ ಒಂದೇ ಮಾದರಿಯಿಂದ ಹೊರಡುತ್ತವೆ. ಒಂದು ಕಡೆ ಕಿಟಕಿ ಸರಿಸಿದರೆ ಎಲ್ಲ ಕಡೆಯೂ ಸರಿಯುತ್ತದೆ.

ಕಟ್ಟಡದ ಜೊತೆಗೆ ಅದರ ಮಾಹಿತಿಯನ್ನೂ ಇಡಬೇಕೆಂಬ ಆಸೆ ನಮ್ಮ ನೆಲಕ್ಕೆ ಹೊಸದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ಕಾಕತೀಯರ ಕಾಲದ, 1294ರ ಶಾಸನವಿರುವ ಕಲ್ಲು ನೋಡಿದವರಿಗೆ ಇದು ನೆನಪಿರಬಹುದು. 41 ಅಡಿಗೂ ಹೆಚ್ಚು ಉದ್ದದ ಒಂದೇ ಚಪ್ಪಡಿ ಅದು. ಕೋಟೆ ಕಟ್ಟಿದ ಸಂಗತಿ ಅಕ್ಷರದಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹೇರಿ, ಸಾಲುಸಾಲಾಗಿ ಪ್ರಾಣಿಗಳನ್ನು ಹೂಡಿ ಹೇಗೆ ಎಳೆದು ತಂದರು ಎಂಬುದನ್ನೂ ಅಲ್ಲೇ ಗೋಡೆಯ ಮೇಲೆ ಕೆತ್ತಿದ್ದಾರೆ. ಕಟ್ಟಿದವರ ಹೆಸರು ಬರೆಸುವುದು ಎಲ್ಲ ಕಡೆ ಇದ್ದದ್ದೇ. ಕಟ್ಟಿದ ರೀತಿಯನ್ನು ಕಟ್ಟಡದ ಮೈಮೇಲೆಯೇ ಬಿಟ್ಟುಹೋದದ್ದು ಅಪರೂಪ. ಸಿವಿಲ್ ಓದುವ ಮಕ್ಕಳನ್ನು ಒಮ್ಮೆಯಾದರೂ ಆ ಕಲ್ಲಿನ ಮುಂದೆ ನಿಲ್ಲಿಸಬೇಕು.

ಕಂಪ್ಯೂಟರಿನಲ್ಲಿ ಈ ಕೆಲಸ ಶುರುವಾದದ್ದು 1970ರ ದಶಕದಲ್ಲಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಚಾರ್ಲ್ಸ್ ಈಸ್ಟ್‌ಮನ್, ಕಟ್ಟಡದ ವಿನ್ಯಾಸಕ್ಕೆ ನಕ್ಷೆಗಳ ಬದಲು ಕಂಪ್ಯೂಟರಿನಲ್ಲಿ ಕಟ್ಟಡದ ವಿವರಣೆಯನ್ನೇ ಇಟ್ಟರೆ ಹೇಗೆ ಎಂದು 1975ರಲ್ಲೇ ಬರೆದಿದ್ದರು. ಆದರೆ ದೇವಸುಗೂರಿನವರಿಗೆ ಹತ್ತಿರವಾಗುವ ಕತೆ ಹಂಗೇರಿಯದು. ಅಲ್ಲಿನ ಪಾಕ್ಶ್ ಎಂಬಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟುತ್ತಿದ್ದಾಗ ಒಂದರೊಳಗೊಂದು ಹಾದುಹೋಗುವ ಪೈಪುಗಳ ಜಾಲವನ್ನು ಕಾಗದದ ಮೇಲೆ ಹೊಂದಿಸುವುದೇ ಕಷ್ಟವಾಗಿತ್ತು. 1982ರಲ್ಲಿ ಗ್ರಾಫಿಸಾಫ್ಟ್ ಕಂಪನಿ ಕಟ್ಟಿದ ಗಾಬೊರ್ ಬೊಯಾರ್ ಮತ್ತು ಜೊತೆಗಾರರು ಅಂದಿನ ಪುಟ್ಟ ಕಂಪ್ಯೂಟರುಗಳಲ್ಲೇ ಆ ಪೈಪುಗಳ ಮೂರು ಆಯಾಮದ ಮಾದರಿ ಮಾಡಿಕೊಟ್ಟರು. ಅದೇ ಕಂಪನಿ 1987ರಲ್ಲಿ ಆರ್ಕಿಕ್ಯಾಡ್ ಹೊರತಂದಿತು. ನಮ್ಮ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನ ಮೊದಲ ಘಟಕ 1985ರಲ್ಲೇ ವಿದ್ಯುತ್ ಕೊಡತೊಡಗಿತ್ತು. ಈಗ ಎಂಟು ಘಟಕ, 1720 ಮೆಗಾವ್ಯಾಟ್ ಸಾಮರ್ಥ್ಯ. ಉಗಿ ಪೈಪು, ನೀರಿನ ಪೈಪು, ಬೂದಿ ಸಾಗಿಸುವ ಪೈಪು, ಕೇಬಲ್ ಟ್ರೇ, ಕಲ್ಲಿದ್ದಲಿನ ಕನ್ವೇಯರ್ ಒಂದರ ದಾರಿಗೆ ಒಂದು ಅಡ್ಡ ಬಾರದಂತೆ ಸಾಗಬೇಕಾದ ಜಾಗ ಅದು. ಆರ್ಕಿಕ್ಯಾಡ್ ಹುಟ್ಟಿದ್ದೇ ಅಂಥ ಇಕ್ಕಟ್ಟಿನಲ್ಲಿ. ಇಂದು ಎಲ್ಲರ ಬಾಯಲ್ಲಿರುವ ರೆವಿಟ್ ಇನ್ನೂ ತಡವಾಗಿ, 2000ದಲ್ಲಿ ಬಂತು. 2002ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡುಕೊಂಡಿತು. 2016ರಿಂದ ಬ್ರಿಟನ್ ತನ್ನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಿಮ್ ಕಡ್ಡಾಯ ಮಾಡಿತು. ನಮ್ಮಲ್ಲಿ ನಾಗಪುರ ಮೆಟ್ರೊ ಇದನ್ನು ವೇಳಾಪಟ್ಟಿಗೂ ಖರ್ಚಿನ ಲೆಕ್ಕಕ್ಕೂ ಜೋಡಿಸಿ ಬಳಸಿತು.

ಈಗ ಕೋಣೆಗೆ ಬರೋಣ. ಉದಾಹರಣೆಗೆ, ಒಳ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ. 23 ಸೆಂಟಿಮೀಟರಿನ ಗೋಡೆ, ಅಂದರೆ ನಮ್ಮ ಗೌಂಡಿಗಳು ಹೇಳುವ ಒಂಬತ್ತಿಂಚಿನ ಗೋಡೆ. 0.9 ಮೀಟರ್ ಅಗಲ, 2.1 ಮೀಟರ್ ಎತ್ತರದ ಒಂದು ಬಾಗಿಲು. 1.2 ಮೀಟರ್ ಚೌಕದ ಎರಡು ಕಿಟಕಿ. ಮೇಲೆ 12.5 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್. ಕಂಪ್ಯೂಟರ್ ತೆರೆಯುವ ಮೊದಲು ಇದರ ಗೋಡೆಯ ಲೆಕ್ಕ ಕೈಯಲ್ಲೇ ಮಾಡಿ. ಗೋಡೆಗಳ ನಡುಗೆರೆಯ ಸುತ್ತಳತೆ 14.92 ಮೀಟರ್. ದಪ್ಪ, ಎತ್ತರದಿಂದ ಗುಣಿಸಿದರೆ 10.29 ಘನ ಮೀಟರ್. ಬಾಗಿಲು ಕಿಟಕಿಯ 1.10 ಕಳೆದರೆ ಸುಮಾರು 9.2 ಘನ ಮೀಟರ್ ಇಟ್ಟಿಗೆ ಕೆಲಸ. ನಡುಗೆರೆಯ ಬದಲು ಹೊರ ಅಳತೆ ಹಿಡಿದು ಗುಣಿಸಿದವರಿಗೆ 0.63 ಘನ ಮೀಟರ್ ಹೆಚ್ಚು ಬರುತ್ತದೆ, ಏಕೆಂದರೆ ನಾಲ್ಕು ಮೂಲೆಗಳು ಎರಡೆರಡು ಸಲ ಲೆಕ್ಕಕ್ಕೆ ಬಂದಿರುತ್ತವೆ. ಇದು ಎಸ್ಟಿಮೇಶನ್ ಪಾಠದ ಮೊದಲ ವಾರದ ಸಂಗತಿ. ಬಿಮ್ ಕಲಿಯುವವರಿಗೆ ಇದೇ ಅಡಿಪಾಯ.

ತಂತ್ರಾಂಶ ಯಾವುದೇ ಇರಲಿ, ಕೆಲಸದ ಕ್ರಮ ಬದಲಾಗುವುದಿಲ್ಲ. ಮೆಟ್ರಿಕ್ ಟೆಂಪ್ಲೇಟ್ ಆರಿಸಿಕೊಳ್ಳಿ. ಮೊದಲು ಮಟ್ಟಗಳನ್ನು ಹಾಕಿ: ನೆಲದ ಮಟ್ಟ, ಪ್ಲಿಂತ್ ಮಟ್ಟ, ಸ್ಲ್ಯಾಬಿನ ತಳದ ಮಟ್ಟ, ಸ್ಲ್ಯಾಬಿನ ಮೇಲ್ಮಟ್ಟ. ಹೊಸಬರಲ್ಲಿ ಹೆಚ್ಚಿನವರು ಈ ಹಂತ ಹಾರಿಸಿ ನೇರ ಗೋಡೆಗೆ ಕೈಹಾಕುತ್ತಾರೆ, ಅಲ್ಲೇ ಕೆಡುತ್ತದೆ. ಬಿಮ್‌ನಲ್ಲಿ ಗೋಡೆಗೆ ಎತ್ತರ ಕೊಡುವುದಕ್ಕಿಂತ ಅದು ಯಾವ ಮಟ್ಟದಿಂದ ಯಾವ ಮಟ್ಟಕ್ಕೆ ನಿಲ್ಲಬೇಕು ಎಂದು ಕಟ್ಟಿಹಾಕುವುದು ಮುಖ್ಯ. ಹಾಗೆ ಕಟ್ಟಿಹಾಕಿದ್ದರೆ ಸೂರು 3 ಮೀಟರಿನಿಂದ 3.3 ಮೀಟರಿಗೆ ಏರಿಸಬೇಕೆಂದು ಮನೆಯವರು ಹೇಳಿದಾಗ ನೀವು ಬದಲಿಸುವುದು ಸ್ಲ್ಯಾಬಿನ ಮಟ್ಟಗಳನ್ನು ಮಾತ್ರ. ಗೋಡೆ ಏರುತ್ತದೆ, ಸ್ಲ್ಯಾಬು ಏರುತ್ತದೆ, ಸೆಕ್ಷನ್ ಬದಲಾಗುತ್ತದೆ, ಪಟ್ಟಿಯಲ್ಲಿ ಇಟ್ಟಿಗೆ ಕೆಲಸ 9.2ರಿಂದ 10.2 ಘನ ಮೀಟರಿಗೆ ತಾನೇ ಹೋಗುತ್ತದೆ. ಒಂದಡಿ ಎತ್ತರದ ಆಸೆಗೆ ಒಂದು ಘನ ಮೀಟರ್ ಇಟ್ಟಿಗೆ ಕೆಲಸ ಬೇಕೆಂದು ಮನೆಯವರ ಎದುರೇ ತೋರಿಸಬಹುದು. ಕಂಪ್ಯೂಟರ್ ಪರದೆಯ ಬಣ್ಣಬಣ್ಣದ ಚಿತ್ರಕ್ಕಿಂತ ಈ ಒಂದು ಉತ್ತರಕ್ಕೆ ಹೆಚ್ಚು ಬೆಲೆ ಇದೆ ಎಂದು ನಾನು ನಂಬಿದ್ದೇನೆ.

ತಪ್ಪೂ ಇಲ್ಲೇ ಹುಟ್ಟುತ್ತದೆ. ಗೋಡೆಯನ್ನು ಸ್ಲ್ಯಾಬಿನ ತಳಕ್ಕೆ ನಿಲ್ಲಿಸದೆ ಮೇಲ್ಮಟ್ಟಕ್ಕೆ ಕಟ್ಟಿದರೆ ಇಟ್ಟಿಗೆ ಕಾಂಕ್ರೀಟಿನೊಳಗೆ ಹೊಕ್ಕಿರುತ್ತದೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ, ಪಟ್ಟಿಯಲ್ಲಿ ಮಾತ್ರ 0.43 ಘನ ಮೀಟರ್ ಸುಳ್ಳು ಇಟ್ಟಿಗೆ ಸೇರಿರುತ್ತದೆ. ಕಾಲಂ ಮತ್ತು ಗೋಡೆಯನ್ನು ಒಂದಕ್ಕೊಂದು ಜೋಡಿಸದೆ ಒಂದರ ಮೇಲೊಂದು ಹಾಕಿದರೂ ಇದೇ ಗತಿ. ಕೈಲೆಕ್ಕ ಮೊದಲು ಮಾಡಿಟ್ಟುಕೊಳ್ಳಿ ಎಂದದ್ದು ಇದಕ್ಕೆ. ಇನ್ನೊಂದು ಸೂಕ್ಷ್ಮವಿದೆ. ನಮ್ಮ ಇಲಾಖೆಗಳ ಅಳತೆ ಭಾರತೀಯ ಮಾನಕ 1200ರ ಪ್ರಕಾರ ನಡೆಯುತ್ತದೆ. ಅದರಂತೆ ಇಟ್ಟಿಗೆ ಕೆಲಸದಲ್ಲಿ 0.1 ಚದರ ಮೀಟರಿನವರೆಗಿನ ಸಣ್ಣ ಕಿಂಡಿಗಳನ್ನು ಕಳೆಯುವುದಿಲ್ಲ. ತಂತ್ರಾಂಶ ಮಾತ್ರ ಬೆರಳಗಲದ ತೂತನ್ನೂ ಕಳೆದುಬಿಡುತ್ತದೆ. ಹಾಗಾಗಿ ಇಲಾಖೆಯ ಅಳತೆ ಪುಸ್ತಕದ (ಎಂ.ಬಿ.) ಅಂಕಿಗೂ ಮಾದರಿಯ ಅಂಕಿಗೂ ಸ್ವಲ್ಪ ಅಂತರ ಇದ್ದೇ ಇರುತ್ತದೆ. ಆ ಅಂತರ ಯಾಕೆ ಬಂತೆಂದು ಹೇಳಬಲ್ಲವರೇ ಕೆಲಸ ಕಲಿತವರು.

ಮುಂದಿನ ಮಾತು, ಊರನ್ನು ತಂತ್ರಾಂಶಕ್ಕೆ ತಿಳಿಸುವುದು. ರೆವಿಟ್‌ನ ಅಮೆರಿಕದ ಟೆಂಪ್ಲೇಟಿನಲ್ಲಿ ಹೊಸ ಕಡತ ತೆರೆದು ಸ್ಥಳ ಬದಲಿಸದೆ ಬಿಟ್ಟರೆ, ನಿಮ್ಮ ಕಟ್ಟಡ ಅಮೆರಿಕದ ಬಾಸ್ಟನ್ ನಗರದಲ್ಲಿದೆ ಎಂದು ಅದು ತಿಳಿದುಕೊಂಡಿರುತ್ತದೆ. ಬಾಸ್ಟನ್ ಇರುವುದು 42 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ದೇವಸುಗೂರು 16 ಡಿಗ್ರಿಯ ಸ್ವಲ್ಪ ಮೇಲೆ. ಬಾಸ್ಟನ್ನಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ, ನಡುನೆತ್ತಿಗೆ ಎಂದೂ ಬರುವುದಿಲ್ಲ. ನಮ್ಮಲ್ಲಿ ಮೇ ಮೊದಲ ವಾರದಲ್ಲಿ ನೆತ್ತಿಗೆ ಬಂದು, ಆಮೇಲೆ ಉತ್ತರಕ್ಕೆ ವಾಲಿ, ಆಗಸ್ಟ್ ಮೊದಲ ವಾರದ ಹೊತ್ತಿಗೆ ಮತ್ತೆ ನೆತ್ತಿಗೆ ಬರುತ್ತಾನೆ. ಜೂನಿನಲ್ಲಿ ನಮ್ಮ ಕಟ್ಟಡಗಳ ಉತ್ತರದ ಗೋಡೆಗೂ ನಡುಹಗಲ ಬಿಸಿಲು ತಾಗುತ್ತದೆ. ರಾಯಚೂರಿನ ಬೇಸಿಗೆ ಗೊತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ. ಸಜ್ಜಾ ಎಷ್ಟು ಹೊರಗೆ ಚಾಚಬೇಕು, ಪಶ್ಚಿಮಕ್ಕೆ ಕಿಟಕಿ ಇಡಬೇಕೋ ಬೇಡವೋ ಎಂದು ನೆರಳು ಹಾಕಿಸಿ ನೋಡುವ ಸೌಕರ್ಯ ಈ ತಂತ್ರಾಂಶಗಳಲ್ಲಿದೆ. ಸ್ಥಳ ಸರಿಪಡಿಸದೆ ನೋಡಿದ ನೆರಳು ಬೇರೆ ಊರಿನ ನೆರಳು.

ಸಾಮಾನಿನ ವಿಷಯದಲ್ಲೂ ಹಾಗೇ. ಹೊರದೇಶದ ಟೆಂಪ್ಲೇಟಿನ ಜೊತೆ ಬರುವ ಗೋಡೆಗಳು ಅಲ್ಲಿನ ಪದ್ಧತಿಯವು: ಲೋಹದ ಚೌಕಟ್ಟಿಗೆ ಇಟ್ಟಿಗೆಯ ಹೊರಪದರ, ನಡುವೆ ಉಷ್ಣ ತಡೆಯುವ ಹಾಸು. ನಮ್ಮ ಗೋಡೆ ಅದಲ್ಲ. ಆದ್ದರಿಂದ ಮೊದಲ ವಾರದ ಕೆಲಸವೆಂದರೆ ನಮ್ಮ ಗೋಡೆಯನ್ನು ತಂತ್ರಾಂಶಕ್ಕೆ ಕಲಿಸುವುದು: ಹೊರಗೆ ಗಿಲಾವು, ನಡುವೆ ಇಟ್ಟಿಗೆ, ಒಳಗೆ ಗಿಲಾವು, ಒಂದೊಂದಕ್ಕೂ ದಪ್ಪ. ಹಾರುಬೂದಿ ಇಟ್ಟಿಗೆಗೆ ಪ್ರತ್ಯೇಕ ಹೆಸರು ಕೊಟ್ಟು ಇನ್ನೊಂದು ಗೋಡೆ ಮಾಡಿಡಿ. ಕಲ್ಲಿದ್ದಲು ಸ್ಥಾವರಗಳ ಸುತ್ತಮುತ್ತ ಇಟ್ಟಿಗೆ ಮತ್ತಿತರ ಸಾಮಾನುಗಳಿಗೆ ಬೂದಿ ಬಳಸಬೇಕೆಂದು ಕೇಂದ್ರ ಪರಿಸರ ಸಚಿವಾಲಯ 1999ರಲ್ಲೇ ಅಧಿಸೂಚನೆ ಹೊರಡಿಸಿದೆ. ಶಕ್ತಿನಗರದ ಪಕ್ಕದಲ್ಲಿ ಕಟ್ಟುವವರಿಗೆ ಇದು ದಿನನಿತ್ಯದ ಸಾಮಾನು. ನೆಲಕ್ಕೆ ಶಹಾಬಾದ್ ಫರಸಿ ಹಾಕುವುದಾದರೆ ಅದನ್ನೂ ನೀವೇ ಸೇರಿಸಬೇಕು. ಒಮ್ಮೆ ಮಾಡಿಟ್ಟ ಈ ಪಟ್ಟಿ ಮುಂದಿನ ಪ್ರತಿ ಕೆಲಸಕ್ಕೂ ಬರುತ್ತದೆ, ಗೆಳೆಯರಿಗೂ ಕೊಡಬಹುದು. ಲೋಕೋಪಯೋಗಿ ಇಲಾಖೆಯ ಎಸ್.ಆರ್. ದರವನ್ನು ಒಂದೊಂದು ಸಾಮಾನಿಗೆ ಜೋಡಿಸಿದರೆ ಅಲ್ಲಿಗೆ ಎಸ್ಟಿಮೇಟು ಅರ್ಧ ಆದಂತೆ.

ತಂತ್ರಾಂಶ ತಾನಾಗಿ ತಿಳಿಯಲಾರದ ಒಂದು ವಿಷಯವೆಂದರೆ ಮಣ್ಣು. ಕಲಿಯುವವರ ಮಾದರಿಗಳನ್ನು ನೋಡಿದರೆ ಬಹಳಷ್ಟು ಪ್ಲಿಂತಿನಲ್ಲೇ ನಿಂತುಬಿಟ್ಟಿರುತ್ತವೆ. ಮಾನ್ವಿಯ ಕಡೆಯ ಎರೆ ಹೊಲಗಳಲ್ಲಿ ಮಳೆ ಬಿದ್ದರೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕೈ ಹೊಗುವಷ್ಟು ಬಿರಿಯುತ್ತದೆ. ಅಲ್ಲಿ ಬುನಾದಿಯ ಆಳ, ಅದರ ತಳಕ್ಕೆ ಹಾಕುವ ಗರಸು, ಎರೆ ಮಣ್ಣಿಗೆಂದೇ ರೂಢಿಗೆ ಬಂದ ಬುಡದಲ್ಲಿ ಉಬ್ಬಿದ ಪೈಲು ಇವೆಲ್ಲ ಖರ್ಚನ್ನು ತೀರ್ಮಾನಿಸುತ್ತವೆ. ಗೋಡೆಯ ಕೆಳಗೆ ಎರೆ ಇದೆಯೋ ಗಟ್ಟಿ ಗರಸು ಇದೆಯೋ ಎಂಬುದನ್ನು ಗುಂಡಿ ತೋಡಿ ನೋಡಿದವರೇ ಹೇಳಬೇಕು. ನೆಲದಡಿಯ ಕೆಲಸವಿಲ್ಲದ ಮಾದರಿಯಿಂದ ತೆಗೆದ ಖರ್ಚನ್ನು ನಂಬಿ ಯಾರೂ ಮನೆಗೆ ಕೈ ಹಾಕಬಾರದು.

ಯಾವ ತಂತ್ರಾಂಶ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ವಿದ್ಯಾರ್ಥಿಯಾಗಿದ್ದರೆ, ಕಾಲೇಜಿನ ದಾಖಲೆ ತೋರಿಸಿ ಆಟೋಡೆಸ್ಕ್‌ನಿಂದ ರೆವಿಟ್ ಅನ್ನು ಒಂದು ವರ್ಷದ ಮಟ್ಟಿಗೆ ಉಚಿತವಾಗಿ ಪಡೆಯಬಹುದು, ಅರ್ಹತೆ ಇರುವವರೆಗೆ ನವೀಕರಿಸಬಹುದು. ಆ ಪರವಾನಗಿಯಲ್ಲಿ ಹಣಕ್ಕೆ ಕೆಲಸ ಮಾಡುವಂತಿಲ್ಲ. ರೆವಿಟ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಒಳ್ಳೆಯ ಮೆಮೊರಿ ಕೇಳುತ್ತದೆ. ಹೊಸ ಆವೃತ್ತಿಯಲ್ಲಿ ಮಾಡಿದ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ ಎಂಬುದನ್ನು ಮರೆಯಬೇಡಿ. ಕಾಲೇಜಿನ ಲ್ಯಾಬಿನಲ್ಲಿ ಯಾವ ವರ್ಷದ್ದಿದೆಯೋ ಮನೆಯಲ್ಲೂ ಅದನ್ನೇ ಹಾಕಿಕೊಳ್ಳಿ. ಓದು ಮುಗಿದವರು, ಸಾಧಾರಣ ಲ್ಯಾಪ್‌ಟಾಪ್ ಇರುವವರು ಫ್ರೀಕ್ಯಾಡ್ ಹಿಡಿಯಲಿ. ಅದು ಎಲ್ಲರಿಗೂ ಪೂರ್ತಿ ಉಚಿತ. 2024ರ ನವೆಂಬರಿನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಬಿಮ್ ಕೆಲಸದ ಸಾಧನಗಳೆಲ್ಲ ಒಳಗೇ ಸೇರಿವೆ. ಬ್ಲೆಂಡರ್ ಬಲ್ಲವರಿಗೆ ಬೊನ್ಸಾಯ್ ಎಂಬ ಉಚಿತ ಸೇರ್ಪಡೆ ಇದೆ. ಇವು ರೆವಿಟ್‌ನಷ್ಟು ನಯವಾಗಿಲ್ಲ, ನಿಜ. ಆದರೆ ಒಂದು ಕೋಣೆ ಕಟ್ಟಲು, ಮಟ್ಟ, ಗೋಡೆ, ಪಟ್ಟಿ ಎಂಬ ವಿಚಾರ ತಲೆಗೆ ಹೋಗಲು ಧಾರಾಳ ಸಾಕು. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಓಡಾಡುವ ಕದ್ದ ರೆವಿಟ್ ಮಾತ್ರ ಬೇಡ. ವೈರಸ್ಸಿನ ಕಾಟ ಒಂದು, ಅದರಲ್ಲಿ ಮಾಡಿದ ಕೆಲಸವನ್ನು ಯಾವ ಮರ್ಯಾದಸ್ಥ ಕಂಪನಿಗೂ ತೋರಿಸಲಾಗದು ಎಂಬುದು ಇನ್ನೊಂದು.

ಯಾವುದರಲ್ಲಿ ಮಾಡಿದರೂ ಕೊನೆಗೆ ಕಡತವನ್ನು ಐಎಫ್‌ಸಿ ರೂಪದಲ್ಲೂ ಉಳಿಸುವ ಅಭ್ಯಾಸ ಇಟ್ಟುಕೊಳ್ಳಿ. ಅದು ಯಾವ ಕಂಪನಿಯ ಸ್ವತ್ತೂ ಅಲ್ಲದ ರೂಪ, 2013ರಿಂದ ಐಎಸ್ಒ 16739 ಎಂಬ ಅಂತರರಾಷ್ಟ್ರೀಯ ಮಾನಕ. ಆರ್ಕಿಟೆಕ್ಟ್ ಆರ್ಕಿಕ್ಯಾಡ್‌ನಲ್ಲಿ, ಸ್ಟ್ರಕ್ಚರಲ್ ಎಂಜಿನಿಯರ್ ಬೇರೊಂದರಲ್ಲಿ, ನೀವು ಫ್ರೀಕ್ಯಾಡ್‌ನಲ್ಲಿ ಕೆಲಸ ಮಾಡಿದರೂ ಮೂವರ ಮಾದರಿಯನ್ನು ಒಂದರ ಮೇಲೊಂದಿಟ್ಟು ನೋಡಲು ಇದೇ ದಾರಿ. ಬೀಮನ್ನು ಸೀಳಿಕೊಂಡು ನೀರಿನ ಪೈಪು ಹೋಗಿದೆಯೇ, ಮೆಟ್ಟಿಲ ತಲೆಗೆ ಸ್ಲ್ಯಾಬು ತಾಗುತ್ತದೆಯೇ ಎಂಬ ಡಿಕ್ಕಿಗಳು ಆಗ ಸಿಗುತ್ತವೆ. ಪರದೆಯ ಮೇಲೆ ಅದನ್ನು ಸರಿಪಡಿಸಲು ಕೆಲವು ನಿಮಿಷ ಸಾಕು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಸಿಕ್ಕರೆ ಕಾಂಕ್ರೀಟ್ ಒಡೆಯಬೇಕು.

ಎಷ್ಟು ವಿವರ ತುಂಬಬೇಕು ಎಂಬ ವಿಷಯದಲ್ಲಿ ಹೊಸಬರು ಅತಿಗೆ ಹೋಗುತ್ತಾರೆ. ಬಾಗಿಲ ಚಿಲಕ, ಕೀಲು, ಸ್ಕ್ರೂವರೆಗೆ ಮಾದರಿ ಮಾಡಿ ಲ್ಯಾಪ್‌ಟಾಪ್ ಏದುಸಿರು ಬಿಡುವಂತೆ ಮಾಡುತ್ತಾರೆ. ವಿವರದ ಮಟ್ಟಕ್ಕೆ 100ರಿಂದ 500ರವರೆಗೆ ಅಂಕಿಗಳಿವೆ. ಕಲಿಯುವವರಿಗೆ 300 ಸಾಕು, ಅಂದರೆ ಅಳತೆ, ಜಾಗ, ಆಕಾರ ಸರಿಯಾಗಿರುವ ಮಾದರಿ.

ಇಷ್ಟನ್ನು ಒಂದು ಕೋಣೆಗೆ ಮಾಡಿ ಮುಗಿಸಿದವರು ನಂತರ ಬೆಂಗಳೂರಿಗೋ ಹೈದರಾಬಾದಿಗೋ ಹೋದರೆ ಕೋರ್ಸಿನಲ್ಲಿ ಕಲಿಯುವುದು ಎರಡರಷ್ಟಾಗುತ್ತದೆ. ಹೋಗದೆಯೂ ಇರಬಹುದು. ಹೊರದೇಶದ ಕಟ್ಟಡಗಳ ಮಾದರಿ ಮಾಡಿಕೊಡುವ ಕಂಪನಿಗಳು ಆ ನಗರಗಳಲ್ಲಿ ಹಲವು ಇವೆ, ಆ ಕೆಲಸ ಕಡತದ ರೂಪದಲ್ಲಿ ಓಡಾಡುತ್ತದೆ. ಒಳ್ಳೆಯ ಇಂಟರ್ನೆಟ್ ಇರುವ ದೇವದುರ್ಗದ ಮನೆಯಲ್ಲಿ ಕೂತು ಅದನ್ನು ಮಾಡಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಆದರೆ ನನಗೆ ಹೆಚ್ಚು ಬೇಕಾದದ್ದು ನಮ್ಮ ಕಟ್ಟಡಗಳ ಕೆಲಸ. ದೇವಸುಗೂರಿನ ಬಳಿ ಕೃಷ್ಣೆಗೆ ನಿಜಾಮರ ಕಾಲದಲ್ಲಿ ಕಟ್ಟಿ 1943ರಲ್ಲಿ ಮುಗಿಸಿದ ಕಮಾನು ಸೇತುವೆ ಇದೆ. ತೆಲಂಗಾಣದ ಕಡೆಗೆ ಹೋಗುವ ಭಾರಿ ಲಾರಿಗಳ ಭಾರ ಹೊತ್ತು ಅದು ಮತ್ತೆ ಮತ್ತೆ ದುರಸ್ತಿ ಕಂಡಿದೆ. ಅಂಥ ರಚನೆಯ ಯಾವ ಕಮಾನಿನಲ್ಲಿ ಯಾವ ವರ್ಷ ಏನು ದುರಸ್ತಿಯಾಯಿತು, ಯಾವ ಸಾಮಾನು ಹಾಕಿದರು ಎಂಬುದೆಲ್ಲ ಒಂದೇ ಮಾದರಿಯಲ್ಲಿ ಕಮಾನಿನಿಂದ ಕಮಾನಿಗೆ ಕೂತಿದ್ದರೆ ಮುಂದಿನ ಎಂಜಿನಿಯರಿಗೆ ಕಡತದ ಕಟ್ಟು ಹುಡುಕುವ ಪಾಡು ಇರುವುದಿಲ್ಲ. ಸೇತುವೆ ಕಲಿಯುವವರ ಕೈಗೆ ದೊಡ್ಡದು. ಅಂಗನವಾಡಿ, ಪ್ರಾಥಮಿಕ ಶಾಲೆ, ಉಪ ಆರೋಗ್ಯ ಕೇಂದ್ರ, ಗ್ರಾಮ ಪಂಚಾಯಿತಿ ಕಟ್ಟಡ ದೊಡ್ಡವಲ್ಲ.

ಹಾಗಾಗಿ ರಾಯಚೂರಿನ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಳೆಯ ವರದಿಯ ನಕಲು ಬೇಡ. ಪ್ರತಿ ತಂಡಕ್ಕೂ ಅವರವರ ಊರಿನ ಒಂದು ಸರ್ಕಾರಿ ಕಟ್ಟಡ ಕೊಡಿ. ಟೇಪಿನಲ್ಲಿ ಅಳೆಯಲಿ, ಸೋರುವ ಮೂಲೆ, ಬಿರುಕು ಬಿಟ್ಟ ಗೋಡೆ ಗುರುತಿಸಲಿ, ಮಾದರಿ ಮಾಡಲಿ, ಕೈಲೆಕ್ಕದ ಜೊತೆ ತಾಳೆ ನೋಡಲಿ. ಅಂಕ ಕೊಟ್ಟ ಮೇಲೆ ಆ ಐಎಫ್‌ಸಿ ಕಡತದ ಒಂದು ಪ್ರತಿಯನ್ನು ಆ ಊರಿನ ಪಂಚಾಯಿತಿಗೆ ಕೊಡಿಸಿ. ಮುಂದೆ ಸುಣ್ಣ ಬಣ್ಣಕ್ಕೋ ಸ್ಲ್ಯಾಬ್ ದುರಸ್ತಿಗೋ ಎಸ್ಟಿಮೇಟು ಹಾಕುವ ದಿನ ಪಿಡಿಒ ಕೈಯಲ್ಲಿ ನಂಬಬಹುದಾದ ಅಳತೆ ಇರುತ್ತದೆ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಈ ಸೆಮಿಸ್ಟರಿನಲ್ಲೇ ಶುರುಮಾಡಬಹುದು.